ಡ್ರಮ್ಮಿಗೆ ಬೆನ್ನು ಕೊಟ್ಟು ಕೂತವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಮೂಲೆಯ ಮಷೀನು ಬಟ್ಟೆ ಹಿಂಡಲು ಶುರು ಮಾಡಿದೆ. ಒಗೆಯುವಷ್ಟು ಹೊತ್ತು ಸಾಧುವಾಗಿಯೇ ಇರುವ ಈ ಮಷೀನು ಹಿಂಡುವ ಹೊತ್ತಿಗೆ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಗಡಗಡ ನಡುಗುತ್ತ ಒದ್ದೆ ನೆಲದ ಮೇಲೆ ಅಂಗುಲ ಅಂಗುಲವಾಗಿ ಮುಂದಕ್ಕೆ ಜರುಗುತ್ತದೆ. ಅಕ್ಕ (ಇಲ್ಲಿ ಎಲ್ಲರೂ ಕರೆಯುವುದು ಹಾಗೆಯೇ) ಕೈಯಲ್ಲಿದ್ದ ಬೆಡ್‌ಶೀಟನ್ನು ಬುಟ್ಟಿಗೆ ಹಾಕಿ, ಹಳೆಯ ಟವಲ್ಲನ್ನು ಮಡಚಿ ಸೊಂಟದ ಹಿಂದೆ ಇಟ್ಟುಕೊಂಡು, ನೆಲದ ಮೇಲೆ ಕೂತು ಮಷೀನಿಗೆ ಬೆನ್ನು ಕೊಡುತ್ತಾರೆ. ಎರಡೂ ಪಾದಗಳನ್ನು ಎದುರಿನ ಗೋಡೆಯ ಬುಡಕ್ಕೆ ಒತ್ತುತ್ತಾರೆ. ಮಷೀನು ತಳ್ಳುತ್ತದೆ, ಅಕ್ಕ ಜಗ್ಗುವುದಿಲ್ಲ.

ಇದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಬೆಳಗ್ಗೆ ಐದಕ್ಕೆ ಮೂಟೆಗಳು ಬಂದು ಬೀಳುತ್ತವೆ. ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ. ಯಾವುದರಲ್ಲಿ ರಕ್ತ, ಯಾವುದರಲ್ಲಿ ಔಷಧದ ಕಲೆ ಎಂದು ಬೇರೆ ಮಾಡುವುದರಿಂದ ಹಿಡಿದು ಒಗೆದು ಒಣಗಿಸಿ ಇಸ್ತ್ರಿಯವರ ಕೈಗೆ ಕೊಡುವತನಕ ಅಕ್ಕನದೇ ಕೆಲಸ. ಮೂಲೆಯ ಮಷೀನಿನ ಕಾಲುಗಳನ್ನು ನೆಲಕ್ಕೆ ಬಿಗಿಯುವ ಬೋಲ್ಟುಗಳು ಕಿತ್ತುಹೋಗಿ ಯಾವ ಕಾಲವಾಯಿತೋ. ತಡೆಯದೆ ಬಿಟ್ಟರೆ ಅದು ನಡೆದು ನಡೆದು ಹಿಂದಿನ ನೀರಿನ ಪೈಪನ್ನೇ ಕಿತ್ತುಹಾಕುತ್ತದೆ. ಬೋಲ್ಟು ಹಾಕಿಸಿ ಎಂದು ಅಕ್ಕ ಕೇಳಿದಾಗಲೆಲ್ಲ ಮಾಲೀಕರದು ಒಂದೇ ಉತ್ತರ, "ನೀವಿದ್ದೀರಲ್ಲ."

ಎದುರಿನ ಕಿಟಕಿಯ ಕಟ್ಟೆಯ ಮೇಲೆ, ಬಲಗೈಗೆ ಎಟುಕುವಂತೆ, ಅಕ್ಕನ ಫೋನು ಇದೆ. ಎಡಗಡೆ ಇಟ್ಟರೆ ಪ್ರಯೋಜನವಿಲ್ಲ, ಆ ಕಿವಿ ಕೇಳುವುದಿಲ್ಲ. ಮಷೀನು ನಡುಗುವಾಗಲೂ ಅವರ ಕಣ್ಣು ಫೋನಿನ ಮೇಲೇ ಇದೆ. ಇವತ್ತು ಸಂಜೆಯೊಳಗೆ ಒಂದು ಕರೆ ಬರಬೇಕು. ಊರಿಗೆಲ್ಲ ಅಕ್ಕನಾದ ಇವರಿಗೂ ಒಬ್ಬ ಅಣ್ಣನಿದ್ದಾನೆ. ಅವನು ಒಂದು ಮಾತಿಗೆ "ಹೂಂ" ಅನ್ನಬೇಕು, ಅಷ್ಟೇ.

ಅಣ್ಣನನ್ನು ಈಗ ಎಲ್ಲರೂ ಬಲ್ಲರು. ಒಂದು ಕಾಲದಲ್ಲಿ ದೊಡ್ಡ ಗದ್ದಲ ಎಬ್ಬಿಸಿದ್ದ ಪಂಕ್ ರಾಕ್ ಬ್ಯಾಂಡು ‘ಹುಳುಕು ಹಲ್ಲು’. ಅದರ ಡ್ರಮ್ಮರ್ ಅವನು. ಆ ಬ್ಯಾಂಡಿನ ಹುಟ್ಟು, ಹೊಡೆದಾಟ, ಕುಡಿತ, ಜೈಲು, ಕೊನೆಗೆ ವೇದಿಕೆಯ ಮೇಲೆಯೇ ಒಡೆದುಹೋದ ಕಥೆಯನ್ನು ಹೇಳುವ ಸಾಕ್ಷ್ಯಚಿತ್ರ ‘ಒಂದೇ ಒದೆ’ ಈ ಶುಕ್ರವಾರ ತೆರೆಗೆ ಬರುತ್ತಿದೆ. ಪೋಸ್ಟರು ಊರ ತುಂಬ ಅಂಟಿದೆ: ಗಾಳಿಯಲ್ಲಿ ಹಾರುತ್ತಿರುವ ಒಂದು ದೊಡ್ಡ ಡ್ರಮ್ಮು, ಅದರ ಹಿಂದೆ ಒಂದು ಬೂಟು. ಬೂಟು ಅಣ್ಣನದು. ಆ ಬೂಟಿನ ಚಿತ್ರವಿರುವ ಟೀ ಶರ್ಟುಗಳೂ ಮಾರಾಟಕ್ಕಿವೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸಿನ ಮಗನೇ ಒಂದನ್ನು ಹಾಕಿಕೊಂಡು ತಿರುಗುತ್ತಾನಂತೆ.

ಅದೇ ಚಿತ್ರದಲ್ಲಿ ಅಕ್ಕನೂ ಇದ್ದಾರೆ. ಒಂದೆರಡು ಕಡೆಯಲ್ಲ, ಹಳೆಯ ಕಾರ್ಯಕ್ರಮ ತೋರಿಸಿದ ಕಡೆಯೆಲ್ಲ ಇದ್ದಾರೆ. ಡ್ರಮ್ಮಿನ ಮುಂದೆ, ಜನರ ಕಡೆಗೆ ಮುಖ ಮಾಡಿ, ಮಂಡಿ ಎತ್ತಿ ಕೂತ ಬಡಕಲು ಹುಡುಗಿ. ಒಂದು ಕಡೆ ಆ ಮುಖವನ್ನು ದೊಡ್ಡದು ಮಾಡಿ ತೋರಿಸಿ ಕೆಳಗೆ ಅಕ್ಷರ ಮೂಡಿಸಿದ್ದಾರೆ: ‘ಅಪರಿಚಿತ ಅಭಿಮಾನಿ’.

"ಅಭಿಮಾನಿಯಂತೆ," ಅನ್ನುತ್ತಾರೆ ಅಕ್ಕ. "ಆ ಹಾಡು ಒಂದೂ ನನಗೆ ಇಷ್ಟ ಇರ್ಲಿಲ್ಲ."

ಅವರು ಅಲ್ಲಿ ಯಾಕೆ ಕೂತಿದ್ದರು ಎಂಬುದು ಸಂಗೀತದ ಪುಸ್ತಕಗಳಲ್ಲಿ ಸಿಗುವ ವಿಷಯವಲ್ಲ. ಡ್ರಮ್ಮರನ ಮುಂದೆ ನೆಲದ ಮೇಲೆ ಒಂದು ದೊಡ್ಡ ಡ್ರಮ್ಮು ಇರುತ್ತದೆ. ಅದನ್ನು ಕೈಯಿಂದ ಬಾರಿಸುವುದಿಲ್ಲ, ಪೆಡಲು ತುಳಿದು ಬಾರಿಸುತ್ತಾರೆ. ತುಳಿದಷ್ಟೂ ಅದು ಮುಂದೆ ಜಾರುತ್ತದೆ. ಅನುಕೂಲಸ್ಥ ಬ್ಯಾಂಡಿನವರು ಕೆಳಗೆ ದಪ್ಪ ಜಮಖಾನ ಹಾಸಿ, ಮುಂದೆ ಮರದ ಪಟ್ಟಿ ಹೊಡೆದು ತಡೆಯುತ್ತಾರೆ. ‘ಹುಳುಕು ಹಲ್ಲು’ ಬ್ಯಾಂಡಿನವರಿಗೆ ಜಮಖಾನವೂ ಇಲ್ಲ, ಸಭಾಂಗಣದವರು ಮೊಳೆ ಹೊಡೆಯಲು ಬಿಡುವುದೂ ಇಲ್ಲ. ಹಾಗಾಗಿ ಒಂದು ಸಿಮೆಂಟು ಇಟ್ಟಿಗೆಯನ್ನು ಚೀಲದಲ್ಲಿ ಸುತ್ತಿ ಡ್ರಮ್ಮಿನ ಮುಂದೆ ಇಡುತ್ತಿದ್ದರು. ಆ ಇಟ್ಟಿಗೆಯನ್ನು ವ್ಯಾನಿನಲ್ಲಿ ಹೊತ್ತು ಊರೂರು ತಿರುಗುತ್ತಿದ್ದರು. ಒಂದು ಊರಲ್ಲಿ ಕುಡಿದ ಅಮಲಿನಲ್ಲಿ ಅದನ್ನು ಹಿಂದಿನ ಸಭಾಂಗಣದಲ್ಲೇ ಬಿಟ್ಟು ಬಂದರು. ಕಾರ್ಯಕ್ರಮ ಶುರುವಾಗುವ ಹೊತ್ತು. ಅಣ್ಣ ಅತ್ತ ಇತ್ತ ನೋಡಿ, ಮೂಲೆಯಲ್ಲಿ ವೈರು ಸುತ್ತುತ್ತಿದ್ದ ತಂಗಿಯನ್ನು ಕರೆದ.

"‘ಬಾ ಇಲ್ಲಿ, ಇದಕ್ಕೆ ಒರಗಿ ಕೂತ್ಕೋ, ಇವತ್ತೊಂದು ದಿನ’ ಅಂದ," ಎಂದು ನೆನೆಯುತ್ತಾರೆ ಅಕ್ಕ. "ಕೂತೆ. ಇಟ್ಟಿಗೆಗಿಂತ ಚೆನ್ನಾಗಿ ನಿಲ್ತು ಡ್ರಮ್ಮು. ಮಾರನೇ ದಿನದಿಂದ ಇಟ್ಟಿಗೆ ಹುಡುಕೋರೇ ಇಲ್ಲ. ನನ್ಗೇ ಇಟ್ಟಿಗೆ ಅಂತ ಹೆಸರಾಯ್ತು."

ಇವತ್ತೊಂದು ದಿನ ಅಂದದ್ದು ಬ್ಯಾಂಡು ಮುಳುಗುವತನಕ ನಡೆಯಿತು. ಅಲ್ಲಿ ಬೇರೆ ಯಾರನ್ನಾದರೂ ಕೂರಿಸಬಹುದಿತ್ತು. ಅಭಿಮಾನಿಗಳು ಸಾಲುಗಟ್ಟಿ ಬರುತ್ತಿದ್ದರು. ಆದರೆ ಅಭಿಮಾನಿಗಳು ಕುಣಿಯುತ್ತಾರೆ, ಅಲುಗಾಡದೆ ಕೂರುವುದು ಅವರ ಕೈಲಾಗದ ಕೆಲಸ. ಒಂದು ಮರದ ಪಟ್ಟಿಯನ್ನಾದರೂ ವೇದಿಕೆಯ ಅಂಚಿಗೆ ಹಗ್ಗದಿಂದ ಕಟ್ಟಿದರೆ ಆಗುವುದಿಲ್ಲವೇ ಎಂದು ತಂಗಿ ಒಮ್ಮೆ ಕೇಳಿದ್ದುಂಟು. ಅಣ್ಣ ಸಿಗರೇಟು ಹಚ್ಚುತ್ತ "ಯಾಕೆ, ನೀನಿದ್ದೀಯಲ್ಲ" ಅಂದ. ಮಾಲೀಕರ ಬಾಯಿಂದ ಅದೇ ಮಾತು ಕೇಳಿದ ಮೊದಲ ದಿನ ಅಕ್ಕನಿಗೆ ನಗು ಬಂತಂತೆ. ಆಮೇಲೆ ಬರಲಿಲ್ಲ.

ಹಾಗಂತ ಅವರೇನೂ ಸಂಗೀತದ ಹುಚ್ಚು ಹತ್ತಿ ಮನೆ ಬಿಟ್ಟವರಲ್ಲ. ಓದು ಆಗಷ್ಟೇ ಮುಗಿದಿತ್ತು. ಒಂದು ಔಷಧ ಅಂಗಡಿಯಲ್ಲಿ ಕೆಲಸ ಸಿಗುವುದರಲ್ಲಿತ್ತು. ತಾಯಿ ತಡೆದಳು. "ಅವನು ಕುಡಿದು ಎಲ್ಲಾದ್ರೂ ಬಿದ್ದಿರ್ತಾನೆ, ನೀನು ಜೊತೆಗಿದ್ರೆ ನನ್ಗೆ ಧೈರ್ಯ, ನೋಡ್ಕೋ ಅವನನ್ನ" ಎಂದು ಕಣ್ಣೀರು ಹಾಕಿದಳು. ಮಗನ ವಿಷಯದಲ್ಲಿ ತಾಯಿ ಕಣ್ಣೀರು ಹಾಕಿದರೆ ಮಗಳು ವ್ಯಾನು ಹತ್ತಲೇಬೇಕು. ವ್ಯಾನಿನಲ್ಲಿ ಸೀಟು ನಾಲ್ಕು ಜನ ಗಂಡಸರಿಗೆ. ಇವರು ಹಿಂದೆ ಡ್ರಮ್ಮುಗಳ ನಡುವೆ ಮುದುರಿಕೊಂಡು ಮಲಗುತ್ತಿದ್ದರು. ಅಣ್ಣನ ಬಟ್ಟೆ ಒಗೆಯುವುದು, ವಾಂತಿ ಬಳಿಯುವುದು, ಹೊತ್ತಿಗೆ ಸರಿಯಾಗಿ ಎಬ್ಬಿಸಿ ವೇದಿಕೆಗೆ ತಳ್ಳುವುದು ಎಲ್ಲ ಇವರ ಪಾಲಿನದು.

ಪಂಕ್ ರಾಕ್ ಕೇಳುವವರಿಗೆ ಒಂದು ಪದ್ಧತಿಯಿತ್ತು. ಹಾಡುಗಾರ ಇಷ್ಟವಾದರೆ ಅವನ ಮೇಲೆ ಉಗಿಯುವುದು. ಚಪ್ಪಾಳೆ ತಟ್ಟುವುದು ಬೇರೆಯವರ ಕೆಲಸ, ಇವರದು ಉಗಿತ. ಗುರಿ ಹಾಡುಗಾರನೇ ಆದರೂ ಅವನು ಒಂದು ಕಡೆ ನಿಲ್ಲುವ ಆಸಾಮಿಯಲ್ಲ, ಕುಣಿಯುತ್ತಲೇ ಇರುತ್ತಿದ್ದ. ಅವನ ಹಿಂದೆ ಕದಲದೆ ಕೂತವರು ಒಬ್ಬರೇ. "ಅವನಿಗೆ ಬಂದಿದ್ದರಲ್ಲಿ ಅರ್ಧ ನನ್ಗೇ ಬೀಳ್ತಿತ್ತು," ಅನ್ನುತ್ತಾರೆ ಅಕ್ಕ. "ಒರೆಸ್ಕೊಳ್ಳೋಕೆ ಕೈ ಎತ್ತೋ ಹಾಗಿಲ್ಲ. ಕೈ ಎತ್ತಿದ್ರೆ ಬೆನ್ನು ಸಡಿಲ ಆಗತ್ತೆ, ಡ್ರಮ್ಮು ಜಾರತ್ತೆ. ಹಾಡು ಮುಗಿಯೋ ತನಕ ಹಾಗೇ ಇರೋದು."

ಹಾಡು ಅವರಿಗೆ ಕೇಳಿಸುತ್ತಿರಲಿಲ್ಲ, ಬೆನ್ನಿಗೆ ಬಡಿಯುತ್ತಿತ್ತು. ಅಣ್ಣ ಎಷ್ಟು ಕುಡಿದಿದ್ದಾನೆ, ಯಾರ ಮೇಲೆ ಸಿಟ್ಟಾಗಿದ್ದಾನೆ, ಇವತ್ತು ಜಗಳವಾಗುತ್ತದೋ ಇಲ್ಲವೋ ಎಲ್ಲವೂ ಪೆಡಲಿನ ಏಟಿನಲ್ಲೇ ಗೊತ್ತಾಗುತ್ತಿತ್ತು. ಎಡಗಡೆ ಗಿಟಾರಿನವನ ದೊಡ್ಡ ಸ್ಪೀಕರು. ಅದಕ್ಕೂ ಇವರ ಕಿವಿಗೂ ಒಂದು ಗೇಣಿನ ಅಂತರ. ಮೊದಮೊದಲು ರಾತ್ರಿಯೆಲ್ಲ ಗುಂಯ್ ಅನ್ನುತ್ತಿದ್ದ ಕಿವಿ ಆಮೇಲೆ ಸುಮ್ಮನಾಯಿತು. ಸುಮ್ಮನಾದದ್ದಕ್ಕೆ ವಾಸಿಯಾಗಿದೆ ಎಂದುಕೊಂಡಿದ್ದರು. ಮದುವೆಯಾಗಿ, ಮಗಳು ಹುಟ್ಟಿ, ಮಗು ಎಡಗಡೆ ಮಲಗಿ ಅತ್ತರೆ ಎಚ್ಚರವೇ ಆಗುತ್ತಿರಲಿಲ್ಲವಲ್ಲ, ಆಗ ಗೊತ್ತಾಯಿತು. ಸೊಂಟದ ಮೂಳೆ ಸವೆದದ್ದು ಇನ್ನೂ ತಡವಾಗಿ ತಿಳಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಮೂಟೆ ಹೊರುತ್ತಿದ್ದಿರಾ ಎಂದು ಕೇಳಿದರಂತೆ. ಅಕ್ಕ ಹೌದು ಅಂದುಬಿಟ್ಟರು. ಇನ್ನೇನು ಹೇಳುವುದು?

ಇಷ್ಟೆಲ್ಲ ಆದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡ ತೀರಿಕೊಂಡಿದ್ದಾರೆ, ಅವರಿಗೂ ಅರ್ಧಂಬರ್ಧ ಗೊತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರಾಗಿರುವ ಮಗಳು ಎರಡು ತಿಂಗಳ ಹಿಂದೆ ಊಟದ ಹೊತ್ತಿನಲ್ಲಿ ಫೋನು ಮುಂದೆ ಹಿಡಿದಳು. ‘ಒಂದೇ ಒದೆ’ಯ ಜಾಹೀರಾತು ಓಡುತ್ತಿತ್ತು.

"ಅಮ್ಮ, ಇದು ನೀನೇ ಅಲ್ವಾ?"

ಅಕ್ಕ ತಟ್ಟೆಯಿಂದ ಕೈ ತೆಗೆಯಲಿಲ್ಲ. "ಹೂಂ," ಅಂದರು.

"ಮತ್ತೆ ಅಪರಿಚಿತ ಅಂತ ಹಾಕಿದ್ದಾರೆ. ಡ್ರಮ್ ಹೊಡೀತಿರೋದು ಮಾವ. ಮಾವನಿಗೆ ನೀನು ಅಪರಿಚಿತಳಾ?"

ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆದರೆ ಅವರ ಊಟ ನಿಂತದ್ದು ಆ ಅಕ್ಷರಗಳಿಂದಲ್ಲ. ಜಾಹೀರಾತಿನ ಕೊನೆಗೆ ಅಣ್ಣ ಕ್ಯಾಮೆರಾ ಮುಂದೆ ಕೂತಿದ್ದ. ಕೂದಲು ನರೆತಿದೆ, ಕಣ್ಣಿಗೆ ಕಪ್ಪು ಕನ್ನಡಕ. "ಹೌದು, ಡ್ರಮ್ ಒದ್ದೆ. ಅವನ ಮುಖಕ್ಕೇ ಗುರಿ ಇಟ್ಟು ಒದ್ದೆ. ಇವತ್ತೂ ಒದೀತೀನಿ," ಅಂದ. ಸಂಗೀತ ಏರಿತು, ಪರದೆ ಕಪ್ಪಾಯಿತು.

ಬ್ಯಾಂಡಿನ ಕೊನೆಯ ಕಾರ್ಯಕ್ರಮದ ಕಥೆ ಸಂಗೀತಪ್ರಿಯರಿಗೆಲ್ಲ ಬಾಯಿಪಾಠ. ಮೂರನೇ ಹಾಡಿನ ನಡುವೆ ದೊಡ್ಡ ಡ್ರಮ್ಮು ಎಲ್ಲರ ಕಣ್ಣೆದುರೇ ವೇದಿಕೆಯಿಂದ ಕೆಳಗೆ ಹಾರಿತು. ಅದರ ಜೊತೆಗೆ ಪಕ್ಕದಲ್ಲಿ ಬಾರಿಸಲು ನಿಲ್ಲಿಸಿದ್ದ ಹಿತ್ತಾಳೆ ತಟ್ಟೆಯ ಕಂಬವೂ ಉರುಳಿ ಹಾಡುಗಾರನ ಬಾಯಿಗೆ ಬಡಿದು ಎರಡು ಹಲ್ಲು ಹೋದವು. ಹಾಡುಗಾರ ಮೈಕಿನಿಂದ ಡ್ರಮ್ಮರನ ಹಣೆ ಒಡೆದ. ಗಿಟಾರಿನವನು ವೈರು ಕಿತ್ತೆಸೆದು ಹೊರಟೇಹೋದ. ಅಲ್ಲಿಗೆ ಬ್ಯಾಂಡು ಮುಗಿಯಿತು. ಡ್ರಮ್ಮರ್ ಬೇಕಂತಲೇ ಒದ್ದ ಎಂದು ಹಾಡುಗಾರ, ಹಾಡುಗಾರನೇ ಕಾಲು ತೊಡರಿಸಿಕೊಂಡು ಎಳೆದ ಎಂದು ಗಿಟಾರಿನವನು. ಸಾಕ್ಷ್ಯಚಿತ್ರವಿಡೀ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಪಂಡಿತರು ಬೇರೆ ಬಂದು ಅದು ವ್ಯವಸ್ಥೆಯ ವಿರುದ್ಧ ಒದ್ದ ಒದೆ ಎಂದು ಅರ್ಥ ಹೇಳಿದ್ದಾರೆ.

"ಯಾರೂ ಒದೀಲಿಲ್ಲ," ಅನ್ನುತ್ತಾರೆ ಅಕ್ಕ. "ನಾನು ಎದ್ದೆ."

ಬೆನ್ನ ಹಿಂದೆ ಮಷೀನು ಹಿಂಡಿ ಮುಗಿಸಿದೆ. ಎದ್ದು, ಸೊಂಟ ಹಿಡಿದುಕೊಂಡು, ಬಟ್ಟೆ ತೆಗೆದು ಬುಟ್ಟಿಗೆ ತುಂಬಿ, ಹೊಸ ಮೂಟೆ ಬಿಚ್ಚಿ ಒಳಗೆ ಹಾಕುತ್ತ ಮಾತು ಮುಂದುವರಿಸುತ್ತಾರೆ.

ಹಾಡುಗಾರನಿಗೆ ಒಂದು ಚಾಳಿಯಿತ್ತು. ಹಾಡು ಏರಿದಾಗ ಇಟ್ಟಿಗೆಯ ಹೆಗಲ ಮೇಲೆ ಬೂಟುಗಾಲಿಟ್ಟು ನಿಲ್ಲುವುದು. ಜನ ಕೇಕೆ ಹಾಕುತ್ತಿದ್ದರು. ಮೊದಲು ತಮಾಷೆಗೆ ಒಂದು ಕಾಲು, ಆಮೇಲೆ ಮೈಭಾರವೆಲ್ಲ. ಅಣ್ಣನಿಗೆ ಹೇಳಿದರೆ "ಜನಕ್ಕೆ ಇಷ್ಟ ಆಗ್ತಿದೆ ಬಿಡು" ಅನ್ನುತ್ತಿದ್ದ. ಕೊನೆಯ ಕಾರ್ಯಕ್ರಮದ ದಿನ ಇವರಿಗೆ ಜ್ವರ. ಹೆಗಲ ಮೂಳೆಯ ಮೇಲೆ ಹಿಮ್ಮಡಿ ಕೂತಿತು. ನೋವಿಗೆ ಕಣ್ಣು ಕತ್ತಲೆ ಬಂತು. ಅಷ್ಟು ದಿನಗಳಲ್ಲಿ ಮೊದಲ ಸಲ ಕತ್ತು ಹೊರಳಿಸಿ ಅಣ್ಣನ ಮುಖ ನೋಡಿದರು.

"ನಗ್ತಿದ್ದ," ಅನ್ನುತ್ತಾರೆ. "ನನ್ನನ್ನ ನೋಡ್ಕೊಂಡು ನಗ್ತಿದ್ದ. ಕೋಲಿನಲ್ಲಿ ಮುಂದೆ ತಿರುಗು ಅಂತ ತೋರಿಸ್ದ. ಹಾಡುಗಾರನ ಮೇಲೆ ನನ್ಗೆ ಅಷ್ಟು ಸಿಟ್ಟಿಲ್ಲ, ಅವನು ಯಾರೋ. ಇವನು ನಕ್ಕನಲ್ಲ. ಆ ಕಾಲನ್ನ ಕೈಯಲ್ಲಿ ಪಕ್ಕಕ್ಕಿಟ್ಟು ಎದ್ದು ಹೊರಗಡೆ ನಡೆದೆ. ಅಷ್ಟೇ ಮಾಡಿದ್ದು."

ಉಳಿದದ್ದನ್ನು ಡ್ರಮ್ಮೇ ಮಾಡಿತು. ಅಣ್ಣ ಕುಡಿದಿದ್ದ, ತುಳಿಯುತ್ತಲೇ ಇದ್ದ. ಒಂದೊಂದು ಏಟಿಗೂ ಅದು ಅಂಚಿನ ಕಡೆ ಜಾರಿತು. ವೇದಿಕೆ ಮುಂದಕ್ಕೆ ತುಸು ಇಳಿಜಾರಾಗಿತ್ತು. ಕ್ಯಾಮೆರಾ ಹಾಡುಗಾರನ ಮುಖದ ಮೇಲಿತ್ತು, ಜನರ ಕಣ್ಣೂ ಅಲ್ಲೇ ಇತ್ತು. ಇಟ್ಟಿಗೆ ಎದ್ದದ್ದನ್ನು ಯಾರು ನೋಡುತ್ತಾರೆ?

ಒಬ್ಬ ನೋಡಿದ್ದ. ಹಣೆಗೆ ಹೊಲಿಗೆ ಹಾಕಿಸಿಕೊಂಡು ವ್ಯಾನಿನಲ್ಲಿ ಕೂತ ಅಣ್ಣ ಕೇಳಿದ ಮೊದಲ ಮಾತು, "ಯಾಕೆ ಎದ್ದೆ?" ಎರಡನೆಯದು, "ನಿನ್ನಿಂದ ಎಲ್ಲ ಹಾಳಾಯ್ತು." ಮೂರನೆಯ ಮಾತು ಬರುವುದಕ್ಕೆ ವರ್ಷಗಳೇ ಬೇಕಾದವು. ತಾಯಿಗೂ ಅದನ್ನೇ ಹೇಳಿದ. ತಾಯಿ ಸಾಯುವತನಕ "ಇನ್ನೊಂದು ಸ್ವಲ್ಪ ಹೊತ್ತು ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು" ಎಂದು ಮಗಳನ್ನು ಚುಚ್ಚುತ್ತಲೇ ಇದ್ದಳು. ನಾಲ್ಕು ಜನರ ಬಾಳಿಗೆ ಕಲ್ಲು ಹಾಕಿದವಳು ನಾನು ಎಂದು ಅಕ್ಕನೂ ನಂಬಿದರು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅಣ್ಣನ ರಕ್ತ ಮೆತ್ತಿದ ಅಂಗಿಯನ್ನು ಮೂರು ಸಲ ಒಗೆದರೂ ಕಲೆ ಹೋಗಲಿಲ್ಲವೆಂದು ಅದಕ್ಕೂ ಅತ್ತರು. ಆ ಅಂಗಿಗೆ ಈಗ ಗಾಜಿನ ಪೆಟ್ಟಿಗೆ. ಚಿತ್ರದಲ್ಲಿ ಅದನ್ನು ಸುತ್ತ ತಿರುಗಿಸಿ ತೋರಿಸುತ್ತಾರೆ. "ಕಲೆ ಹೋಗಿದ್ರೆ ಅದಕ್ಕೆ ಏನು ಬೆಲೆ ಇರ್ತಿತ್ತು ಹೇಳಿ. ನನ್ಗೆ ಒಗೆಯೋಕೆ ಬರಲ್ಲ ಅಂತ ಅಣ್ಣ ಉದ್ಧಾರ ಆದ," ಎಂದು ನಗುತ್ತಾರೆ. ನಗುವಿನಲ್ಲಿ ನಗುವೇನೂ ಇಲ್ಲ.

ಹೊಟ್ಟೆ ಉರಿಯುವುದು ಇಲ್ಲೇ. ಮನೆಯೊಳಗೆ ಅದು ತಂಗಿಯ ತಪ್ಪು, ಹೊರಗೆ ಅದು ಅಣ್ಣನ ಸಾಹಸ. ಒಳಗೆ ಅವಳನ್ನು ಹಳಿಯುತ್ತ, ಹೊರಗೆ ಅದನ್ನೇ ಎದೆಗೆ ಪದಕದಂತೆ ಸಿಕ್ಕಿಸಿಕೊಂಡು ಅವನು ಇಷ್ಟು ಕಾಲ ಬದುಕಿದ್ದಾನೆ. ಜಾಹೀರಾತು ನೋಡುವತನಕ ಅದು ಅಕ್ಕನಿಗೆ ಗೊತ್ತಿರಲಿಲ್ಲ. ಪತ್ರಿಕೆಯವರು ಏನೋ ಬರೆದುಕೊಳ್ಳುತ್ತಾರೆ, ಅಣ್ಣ ಪಾಪ ಏನು ಮಾಡಿಯಾನು ಎಂದುಕೊಂಡಿದ್ದರು.

ಮಗಳು ಬಿಡಲಿಲ್ಲ. ಅಮ್ಮನನ್ನು ಹೊರಡಿಸಿಕೊಂಡು ನಿರ್ದೇಶಕರ ಕಚೇರಿಗೆ ಹೋದಳು. ನಿರ್ದೇಶಕರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಟೀ ಕೊಟ್ಟರು. ಹಳೆಯ ಚಿತ್ರವನ್ನೂ ಎದುರಿಗಿರುವ ಮುಖವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಡ್ರಮ್ಮು ಜಾರಿದ ಕಥೆಯನ್ನು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಚಿಕ್ಕದಾಯಿತು.

"ಅಮ್ಮ, ನಿಮ್ಮ ಮಾತು ನಾನು ನಂಬ್ತೀನಿ," ಅಂದರು. "ಆದ್ರೆ ಸಿನಿಮಾಗೆ ‘ಒಂದೇ ಒದೆ’ ಅಂತ ಹೆಸರಿಟ್ಟಾಗಿದೆ."

"ಹೆಸರು ಹಾಗೇ ಇರ್ಲಿ," ಅಂದರು ಅಕ್ಕ. "ಅವನೇ ಒದ್ದ ಅಂತ ಇರ್ಲಿ. ನನ್ಗೆ ಅದು ಬೇಡ. ಅಪರಿಚಿತ ಅಂತ ಇದೆಯಲ್ಲ, ಅಲ್ಲಿ ಡ್ರಮ್ಮರನ ತಂಗಿ ಅಂತ ಹಾಕಿ. ಅಲ್ಲಿ ಕೂತು ಡ್ರಮ್ಮು ಹಿಡ್ಕೊಂಡಿದ್ಲು ಅಂತ ಹಾಕಿ. ಸಾಕು."

ಮಗಳಿಗೆ ಸಿಟ್ಟು ಬಂತು, ಅಷ್ಟಕ್ಕೇ ಯಾಕೆ ಸಾಕು ಅಂತೀಯ ಎಂದು. ಆದರೆ ಅಕ್ಕನಿಗೆ ಬೇಕಾದದ್ದು ಅಷ್ಟೇ. ನಿರ್ದೇಶಕರು ಒಪ್ಪಿದರು. ಒಂದೇ ತೊಡಕು: ಚಿತ್ರದಲ್ಲಿ ಬ್ಯಾಂಡಿನವರ ಮನೆಯವರ ಬಗ್ಗೆ ಏನು ಬಂದರೂ ಅವರನ್ನು ಕೇಳಿಯೇ ಹಾಕುವುದೆಂದು ಮೊದಲೇ ಒಪ್ಪಂದವಾಗಿದೆ. "ನಿಮ್ಮ ಅಣ್ಣ ಹೂಂ ಅಂದ್ರೆ ಒಂದು ನಿಮಿಷದ ಕೆಲಸ," ಅಂದರು. ಅವತ್ತೇ ಅಣ್ಣನಿಗೆ ಹೇಳಿ ಕಳಿಸಿದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಉತ್ತರ ಬಂತು. ಒಡಹುಟ್ಟಿದವಳು ಹೌದೋ ಅಲ್ಲವೋ ಎಂದು ಹೇಳಲು ಯೋಚನೆ ಬೇಕಾಯಿತು.

ಹೋದ ವಾರ ಚಿತ್ರವನ್ನು ಆಹ್ವಾನಿತರಿಗೆ ತೋರಿಸಿದರು. ನಿರ್ದೇಶಕರೇ ಎರಡು ಟಿಕೆಟು ಕಳಿಸಿದ್ದರು. ಅಕ್ಕ ಮತ್ತು ಮಗಳು ಕೊನೆಯ ಸಾಲಿನಲ್ಲಿ ಕೂತರು, ಬಲಗಿವಿ ವೇದಿಕೆಗೆ ಹತ್ತಿರವಾಗುವಂತೆ. ಚಿತ್ರ ಮುಗಿದ ಮೇಲೆ ಹಳೆಯ ಗೆಳೆಯರು ನಾಲ್ವರೂ ವೇದಿಕೆ ಹತ್ತಿದರು. ಹಾಡುಗಾರನಿಗೆ ಈಗ ಕಟ್ಟಿಸಿಕೊಂಡ ಹಲ್ಲು. ಅಣ್ಣನನ್ನು ತಬ್ಬಿಕೊಂಡ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರಶ್ನೆ ಕೇಳುವ ಹೊತ್ತು ಬಂದಾಗ ಮುಂದಿನ ಸಾಲಿನ ಕಾಲೇಜು ಹುಡುಗಿಯೊಬ್ಬಳು ಎದ್ದಳು.

"ಡ್ರಮ್ ಮುಂದೆ ಯಾವಾಗ್ಲೂ ಒಬ್ಬರು ಕೂತಿರ್ತಾರಲ್ಲ ಸರ್, ಅವರು ಯಾರು?"

ಅಣ್ಣ ಮೈಕು ತೆಗೆದುಕೊಂಡ. ಸ್ವಲ್ಪ ಯೋಚಿಸಿದ. "ಯಾರೋ ಗೊತ್ತಿಲ್ಲಮ್ಮ," ಅಂದ. "ಪ್ರತಿ ಊರಲ್ಲೂ ಅಂಥವಳು ಒಬ್ಬಳು ಇದ್ದೇ ಇರ್ತಿದ್ಲು."

ಜನ ನಕ್ಕರು. ಹಾಡುಗಾರನೂ ನಕ್ಕ. ಕೊನೆಯ ಸಾಲಿನಲ್ಲಿ ಮಗಳು ಎದ್ದು ನಿಲ್ಲಲು ಹೋದಳು, ಅಕ್ಕ ಅವಳ ಕೈ ಗಟ್ಟಿಯಾಗಿ ಹಿಡಿದು ಕೂರಿಸಿದರು. "ಬೇಡ. ನಾವು ಹೇಳಿದ್ರೆ ಅದಕ್ಕೆ ಅರ್ಥ ಇಲ್ಲ. ಅವನ ಬಾಯಿಂದ ಬರ್ಲಿ," ಅಂದರು. ಮನೆಗೆ ಬರುವ ದಾರಿಯಲ್ಲಿ ಅಣ್ಣನ ಪರವಾಗಿಯೇ ಮಾತಾಡಿದರಂತೆ. ಅಷ್ಟು ಜನರ ಮುಂದೆ ಗಾಬರಿಯಾಗಿರಬೇಕು, ಮೈಕು ಹಿಡಿದು ಮಾತಾಡಿ ಅಭ್ಯಾಸವಿಲ್ಲ, ಅವನು ಯಾವಾಗಲೂ ಹಿಂದೆ ಕೂತವನಲ್ಲವೇ ಎಂದು.

ನಿರ್ದೇಶಕರು ಕೊಟ್ಟ ಗಡುವು ಇವತ್ತು, ಬುಧವಾರ. ನಮ್ಮ ಪತ್ರಿಕೆಯ ಈ ವಾರದ ಪುರವಣಿ ನಿಮ್ಮ ಕೈ ಸೇರುವಷ್ಟರಲ್ಲಿ ಚಿತ್ರ ತೆರೆ ಕಂಡಿರುತ್ತದೆ, ‘ಅಪರಿಚಿತ ಅಭಿಮಾನಿ’ ಎಂಬ ಆ ಎರಡು ಪದಗಳು ಉಳಿದವೋ ಹೋದವೋ ನೀವೇ ನೋಡಬಹುದು. ಬೇರೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಮಷೀನಿನ ಕಾಲು ತೋರಿಸುತ್ತಾರೆ. "ಇದಕ್ಕೆ ನಾಲ್ಕು ಬೋಲ್ಟು. ಅಣ್ಣನ ಬಾಯಲ್ಲಿ ಒಂದು ಮಾತು. ಎರಡರಲ್ಲಿ ಯಾವುದು ಮೊದಲು ಬಂದ್ರೂ ಸಂತೋಷವೇ."

ಹೊರಗೆ ಬೆಳಕು ಬಂದಿದೆ. ಇಸ್ತ್ರಿಯ ಹೆಂಗಸು ಬಂದು ಸೀರೆಯ ಸೆರಗು ಸಿಕ್ಕಿಸಿ ಕೆಲಸ ಶುರು ಮಾಡಿದ್ದಾಳೆ. ಮುಂದಿನ ಕೋಣೆಯಲ್ಲಿ ಮಾಲೀಕರು ಬಾಗಿಲು ತೆಗೆಯುವ ಸದ್ದು. ಹೊಸ ಮೂಟೆಯನ್ನು ಒಗೆದು ಮುಗಿಸಿದ ಮಷೀನು ಮತ್ತೆ ಹಿಂಡತೊಡಗುತ್ತದೆ. ಅಕ್ಕ ಟವಲ್ಲು ಮಡಚಿಟ್ಟುಕೊಂಡು ಬೆನ್ನು ಕೊಟ್ಟು ಕೂರುತ್ತಾರೆ. ಆಗಲೇ ಫೋನು ಬರುತ್ತದೆ.

ಎತ್ತುವ ಮೊದಲು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಮಷೀನಿನ ಸದ್ದಿಗೆ ಏನೂ ಕೇಳುವುದಿಲ್ಲವೆಂದು ಫೋನಿನ ಸ್ಪೀಕರು ಹಾಕಿ ಬಲಗಿವಿಗೆ ಹಿಡಿಯುತ್ತಾರೆ. ಅಣ್ಣನ ದನಿ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತದೆ. ದನಿಯಲ್ಲಿ ಉತ್ಸಾಹವಿದೆ.

"ಏನ್ ಮಾಡ್ತಿದ್ದೀಯ? ಒಂದು ಒಳ್ಳೆ ಸುದ್ದಿ ಇದೆ. ಬ್ಯಾಂಡು ಮತ್ತೆ ಸೇರ್ತಿದೆ, ದೊಡ್ಡ ಶೋ. ಅವತ್ತು ನೀನು ಬರ್ಬೇಕು."

"ಬರ್ತೀನಿ ಅಣ್ಣ," ಅನ್ನುತ್ತಾರೆ ಅಕ್ಕ. ಮುಖ ಅರಳಿದೆ. "ನೋಡೋಕೆ ಬರ್ತೀನಿ."

"ನೋಡೋಕಲ್ಲ. ಡ್ರಮ್ ಮುಂದೆ ಕೂತ್ಕೋ, ಮೊದಲಿನ ಹಾಗೆ. ಆ ಅಪರಿಚಿತ ಅಭಿಮಾನಿ ಸಿಕ್ಕಿದ್ದಾಳೆ ಅಂತ ವೇದಿಕೆ ಮೇಲೆ ಕರೀತೀವಿ. ಜನ ಹುಚ್ಚೆದ್ದು ಹೋಗ್ತಾರೆ. ಎಲ್ಲರೂ ಒಪ್ಪಿದ್ದಾರೆ."

ಬೆನ್ನಿಗೆ ಮಷೀನು ಬಡಿಯುತ್ತಿದೆ.

"ತಂಗಿ ಅಂತ ಹೇಳ್ತೀಯಾ?"

"ಅದೆಲ್ಲ ಈಗ ಯಾಕೆ ಹೇಳು. ತಂಗಿ ಅಂದ್ರೆ ಮನೆ ವಿಷಯ ಆಗೋಗತ್ತೆ, ಮಜಾ ಇರಲ್ಲ. ಆಮೇಲೆ ಅವಳು ಯಾಕೆ ಎದ್ದಳು, ಎಲ್ಲಿಗೆ ಹೋದಳು ಅಂತ ಕೇಳ್ತಾರೆ. ಬೇಡ. ಹೀಗೇ ಚೆನ್ನಾಗಿದೆ."

"ಈಗ ಡ್ರಮ್ಮು ಜಾರದ ಹಾಗೆ ಏನೇನೋ ಬಂದಿದೆಯಂತಲ್ಲ ಅಣ್ಣ."

"ಬಂದಿದೆ. ಆದ್ರೂ ನೀನಿದ್ದೀಯಲ್ಲ."

ಆ ಕಡೆಯಿಂದ ಅವನು ಇನ್ನೂ ಮಾತಾಡುತ್ತಿದ್ದಾನೆ: ಯಾವ ಬಟ್ಟೆ ಹಾಕಿಕೊಂಡು ಬರಬೇಕು, ಕೂದಲು ಹೇಗಿರಬೇಕು, ಯಾರ ಹತ್ತಿರವೂ ಏನೂ ಹೇಳಬಾರದು. ಅಕ್ಕ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ, ಎಡಗಡೆಗೆ ಇಡುತ್ತಾರೆ. ಗೋಡೆಗೆ ಒತ್ತಿದ್ದ ಪಾದಗಳನ್ನು ತೆಗೆಯುತ್ತಾರೆ. ನೆಲಕ್ಕೆ ಕೈಯೂರಿ, ಸೊಂಟ ನೆಟ್ಟಗೆ ಮಾಡಿಕೊಂಡು ನಿಧಾನವಾಗಿ ಎದ್ದು ನಿಲ್ಲುತ್ತಾರೆ. ಟವಲ್ಲು ಕೆಳಗೆ ಬೀಳುತ್ತದೆ, ಎತ್ತಿಕೊಳ್ಳುವುದಿಲ್ಲ.

ತಡೆಯುವವರಿಲ್ಲದ ಮಷೀನು ಒಂದು ಸಲ ಹಿಂದೆ ಮುಂದೆ ಆಡಿ ಹೊರಡುತ್ತದೆ. ಅಕ್ಕ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತಾರೆ. ಇಸ್ತ್ರಿಯ ಹೆಂಗಸು "ಅಕ್ಕ, ಮಷೀನು" ಅನ್ನುತ್ತಾಳೆ. "ನೋಡ್ತಿದ್ದೀನಿ," ಅನ್ನುತ್ತಾರೆ ಅಕ್ಕ. ಹಿಂದಿನ ಪೈಪು ಬಿಗಿಯಾಗಿ, ಇನ್ನೂ ಬಿಗಿಯಾಗಿ, ಕೊನೆಗೆ ಕಿತ್ತುಬರುತ್ತದೆ. ನೀರು ಗೋಡೆಗೆ ರಾಚಿ ಕೋಣೆಯ ತುಂಬ ಹರಡುತ್ತದೆ. ಮಡಚಿಟ್ಟ ಹೊದಿಕೆಗಳು, ಇಸ್ತ್ರಿಗೆ ಕಾದಿದ್ದ ಹಸಿರು ಅಂಗಿಗಳು ತೊಯ್ದುಹೋಗುತ್ತವೆ. ಮಷೀನು ಎದುರಿನ ಗೋಡೆಗೆ ಗುದ್ದಿ ನಿಲ್ಲುತ್ತದೆ.

ಮಾಲೀಕರು ಪ್ಯಾಂಟು ಎತ್ತಿಕೊಂಡು ಓಡಿ ಬರುತ್ತಾರೆ. ನೀರು, ಮಷೀನು, ತೊಯ್ದ ಬಟ್ಟೆಯ ರಾಶಿ ಎಲ್ಲದರ ಮೇಲೂ ಕಣ್ಣಾಡಿಸಿ, "ಯಾರು ಇದನ್ನ ತಳ್ಳಿದ್ದು?" ಎಂದು ಕೇಳುತ್ತಾರೆ.

ಕಟ್ಟೆಯ ಮೇಲಿನ ಫೋನಿನಲ್ಲಿ ಅಣ್ಣ ಹಲೋ, ಹಲೋ ಅನ್ನುತ್ತಿದ್ದಾನೆ. ಅಕ್ಕನಿಗೆ ಅದು ಕೇಳುತ್ತಿಲ್ಲ.

"ಯಾರೂ ತಳ್ಲಿಲ್ಲ," ಅನ್ನುತ್ತಾರೆ ಅವರು. "ನಾನು ಎದ್ದೆ."